ಗುಳ್ಳೆ ಎಣಿಸಬೇಡಿ, ನೀರು ನೋಡಿ: ಬಿಯರ್ ಬಕೆಟಿಗೆ ಏರ್‌ಲಾಕ್ ಹಾಕುವ ಕ್ರಮ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯಿಂದ ಹೊರದೇಶಕ್ಕೆ ಹೋದ ಹುಡುಗರಲ್ಲಿ ಕೆಲವರಿಗೆ ಈಗ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು. ನನ್ನ ಅಕ್ಕನ ಮಗ ಮೆಲ್ಬರ್ನ್‌ನಲ್ಲಿದ್ದಾನೆ. ಅಲ್ಲಿ ಸ್ವಂತ ಬಳಕೆಗೆ ಬಿಯರ್ ಮಾಡಿಕೊಳ್ಳಲು ಅಡ್ಡಿಯಿಲ್ಲ. ಇಲ್ಲಿ ಕೇರಳದಲ್ಲಿ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ. ಹಾಗಾಗಿ ಇದನ್ನು ಓದಿ ಯಾರೂ ಹಟ್ಟಿಯ ಮೂಲೆಯಲ್ಲಿ ಬಕೆಟ್ ಇಡಲು ಹೊರಡಬೇಡಿ. ನಾನು ತೋಟಕ್ಕೆ ವಾಪಸ್ ಬರುವ ಮುಂಚೆ ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಟ್ಯಾಂಕ್ ನೋಡಿಕೊಳ್ಳುತ್ತಿದ್ದೆ. ಆ ಲೆಕ್ಕದಲ್ಲಿ ಅವನ ವಾಟ್ಸಾಪ್ ಪ್ರಶ್ನೆಗಳೆಲ್ಲ ನನಗೇ. ಹೆಚ್ಚಿನವು ಒಂದೇ ಪ್ರಶ್ನೆ: "ಮಾವ, ಗುಳ್ಳೆ ನಿಂತಿತು. ಬಿಯರ್ ಹಾಳಾಯಿತಾ?"

ಇಲ್ಲ ಮಾರಾಯ. ಏರ್‌ಲಾಕ್ ಅಂದರೆ ಬಕೆಟಿನ ಮುಚ್ಚಳಕ್ಕೆ ಸಿಕ್ಕಿಸುವ ಸಣ್ಣ ಪ್ಲಾಸ್ಟಿಕ್ ಸಾಧನ, ಅದರಲ್ಲಿರುವ ನೀರಿನ ಮೂಲಕ ಗ್ಯಾಸ್ ಗುಳ್ಳೆಯಾಗಿ ಹೊರಡುತ್ತದೆ. ಆದರೆ ಅದು ಇರುವುದು ಗುಳ್ಳೆ ತೋರಿಸಲಿಕ್ಕಲ್ಲ. ಒಳಗಿನ ಗ್ಯಾಸ್ ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು. ಅದರ ಕೆಲಸ ಇಷ್ಟೇ.

ನಮ್ಮ ಕಡೆ ಹಳೆಯ ಗೋಬರ್ ಗ್ಯಾಸ್ ಗುಂಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಬ್ಬಿಣದ ಡ್ರಮ್ಮಿನ ಬಾಯಿ ಸಗಣಿ ನೀರಿನಲ್ಲಿ ಮುಳುಗಿರುತ್ತದೆ, ಅದರಿಂದಲೇ ಸೀಲ್. ಏರ್‌ಲಾಕಿನಲ್ಲೂ ಸೀಲ್ ಆಗುವುದು ಒಂದೆರಡು ಚಮಚ ನೀರಿನಿಂದ. ವ್ಯತ್ಯಾಸ ಏನೆಂದರೆ ಇಲ್ಲಿ ಗ್ಯಾಸನ್ನು ಹಿಡಿದಿಡುವುದಿಲ್ಲ, ಬಿಟ್ಟುಬಿಡುತ್ತೇವೆ. ಬಿಡಲೇಬೇಕು. 20 ಲೀಟರ್ ಸಾಧಾರಣ ಬಿಯರ್ ಹುದುಗುವಾಗ ಸುಮಾರು 400 ಲೀಟರ್ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಯೀಸ್ಟ್ ತಿಂದ ಸಕ್ಕರೆಯಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಆಲ್ಕೋಹಾಲ್ ಆಗುತ್ತದೆ, ಅರ್ಧ ಈ ಗ್ಯಾಸ್ ಆಗುತ್ತದೆ. ಮುಚ್ಚಳ ಬಿಗಿದು ಕೂತರೆ ಬಕೆಟ್ ಸಿಡಿಯುತ್ತದೆ. ಹೊರಬಂದ ಗ್ಯಾಸ್ ತುಂಬಿ ಉಸಿರು ಕಟ್ಟಬಹುದು, ಹಾಗಾಗಿ ಬಕೆಟನ್ನು ಗಾಳಿಯಾಡದ ಸಣ್ಣ ಕೋಣೆಯಲ್ಲಿ ಇಡಬಾರದು.

ಹಾಗಾದರೆ ತೆರೆದೇ ಇಟ್ಟರೆ? ಕಳ್ಳಿಗೆ ಯಾರೂ ಏರ್‌ಲಾಕ್ ಹಾಕುವುದಿಲ್ಲ, ಅಲ್ವಾ? ನಿಜ. ಆದರೆ ಕಳ್ಳು ಇಳಿಸಿದ ದಿನವೇ ಕುಡಿಯುವಂಥದ್ದು. ಮರುದಿನಕ್ಕೆ ಹುಳಿ, ಇನ್ನೂ ಬಿಟ್ಟರೆ ವಿನೆಗರ್. ಕಾಸರಗೋಡಿನ ಸಿಪಿಸಿಆರ್‌ಐ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಯವರು ಕಲ್ಪರಸ, ಅಂದರೆ ಹುದುಗದ ತೆಂಗಿನ ರಸ, ಇಳಿಸಲು ಐಸ್ ಹಾಕಿದ ಪೆಟ್ಟಿಗೆಯನ್ನೇ ತೆಂಗಿನ ಹೊಂಬಾಳೆಗೆ ಕಟ್ಟುವುದು ಸುಮ್ನೆ ಅಲ್ಲ. ತಣ್ಣಗಿಡದಿದ್ದರೆ ಆ ರಸ ಮರದಲ್ಲೇ ಹುದುಗಲು ಶುರು. ಬಿಯರ್ ಹಾಗಲ್ಲ. ಎರಡು ವಾರ ಬಕೆಟಿನಲ್ಲಿ, ಮತ್ತೆ ವಾರಗಟ್ಟಲೆ ಬಾಟಲಿಯಲ್ಲಿ ಕೂರಬೇಕು. ಅಷ್ಟು ದಿನ ಗಾಳಿ ತಾಗಿದರೆ ಒದ್ದೆ ರಟ್ಟಿನ ರುಚಿ ಬರುತ್ತದೆ, ಜೊತೆಗೆ ಹಣ್ಣಿನ ನೊಣ ತರುವ ಹುಳಿ ಬ್ಯಾಕ್ಟೀರಿಯಾದ ಕಾಟ.

ಅಂಗಡಿಯಲ್ಲಿ ಎರಡು ನಮೂನೆ ಸಿಗುತ್ತವೆ. ಒಂದು ಮೂರು ತುಂಡಿನದು: ಹೊರಗಿನ ಕಪ್, ಒಳಗೆ ತೇಲುವ ಟೊಪ್ಪಿ, ಮೇಲೆ ತೂತಿರುವ ಮುಚ್ಚಳ. ಇನ್ನೊಂದು ಎಸ್ ಆಕಾರದ ಕೊಳವೆ, ನಡುವೆ ಗುಳ್ಳೆಯಂಥ ಕೋಣೆಗಳು. ಮೂರು ತುಂಡಿನದನ್ನು ಬಿಚ್ಚಿ ತೊಳೆಯಬಹುದು. ಎಸ್ ಕೊಳವೆಯೊಳಗೆ ನೊರೆ ಹೋಗಿ ಒಣಗಿದರೆ ದೇವರೇ ಗತಿ. ಆದರೆ ಅದಕ್ಕೊಂದು ದೊಡ್ಡ ಗುಣವಿದೆ, ಅದನ್ನು ತಣಿಸುವ ಮಾತು ಬಂದಾಗ ಹೇಳುತ್ತೇನೆ.

ಹಾಕುವ ಕ್ರಮ ಹೀಗೆ. ಮೊದಲು ಎಲ್ಲ ತುಂಡುಗಳನ್ನು ತೊಳೆದು ಸ್ಯಾನಿಟೈಸರ್ ದ್ರಾವಣದಲ್ಲಿ ಅದ್ದಿ. ಕುದಿನೀರು ಬೇಡ, ತೆಳು ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ನೀರು ಹಾಕುವ ಮೊದಲೇ ಏರ್‌ಲಾಕನ್ನು ಮುಚ್ಚಳದ ರಬ್ಬರ್ ರಿಂಗಿಗೆ ಕೂರಿಸಿ. ಕಾಲನ್ನು ಸ್ವಲ್ಪ ಒದ್ದೆ ಮಾಡಿ, ತಿರುಗಿಸುತ್ತಾ ಮೆಲ್ಲಗೆ ಇಳಿಸಬೇಕು. ಬಲ ಹಾಕಿ ಒತ್ತಿದರೆ ರಬ್ಬರ್ ರಿಂಗ್ ಬಿಯರಿನೊಳಗೆ ಬೀಳುತ್ತದೆ, ಮತ್ತೆ ಕೈ ಹಾಕಿ ಹುಡುಕುವುದೇ ಕೆಲಸ. ಗಾಜಿನ ಜಾಡಿಗೆ ರಬ್ಬರ್ ಬೂಚು ಹಾಕುವವರಿಗೆ ಮಾತ್ರ ಮಾತು ಉಲ್ಟಾ: ಬೂಚು ಮತ್ತು ಜಾಡಿಯ ಕುತ್ತಿಗೆ ಎರಡೂ ಒಣಗಿರಬೇಕು. ಒದ್ದೆ ಬೂಚು ಜಾರಿ ಜಾರಿ ಮೇಲೆ ಬರುತ್ತದೆ.

ಈಗ ನೀರು. ಏರ್‌ಲಾಕಿನ ಮೇಲೆ ಗೆರೆ ಇರುತ್ತದೆ, ಸರಿಸುಮಾರು ಅರ್ಧ. ಅಲ್ಲಿಯವರೆಗೆ ಸಾಕು. ಜಾಸ್ತಿ ಹಾಕಿದರೆ ಗ್ಯಾಸ್ ಜೋರಾದಾಗ ನೀರು ಮೇಲಿನಿಂದ ಚೆಲ್ಲುತ್ತದೆ. ಕಡಿಮೆ ಹಾಕಿದರೆ ನಾಲ್ಕು ದಿನದಲ್ಲಿ ಆರಿ ಸೀಲೇ ಇರುವುದಿಲ್ಲ. ಕುದಿಸಿ ಆರಿಸಿದ ನೀರು ಆಗುತ್ತದೆ. ಬಿಯರ್ ಸಾಮಾನಿನ ಅಂಗಡಿಯಲ್ಲಿ ಸಿಗುವ, ತೊಳೆಯದೆ ಬಿಡಬಹುದಾದ ಆಸಿಡ್ ಸ್ಯಾನಿಟೈಸರ್ ಇದ್ದರೆ ಅದರ ದ್ರಾವಣ ಹಾಕಿ. ಕೆಲವರು ವೋಡ್ಕಾ ಹಾಕುತ್ತಾರೆ. ಒಳಗೆ ಬಿದ್ದರೂ ತೊಂದರೆಯಿಲ್ಲ, ಆದರೆ ಬೇಗ ಆವಿಯಾಗುತ್ತದೆ. ಬ್ಲೀಚ್ ಮಾತ್ರ ಬೇಡವೇ ಬೇಡ. ಏರ್‌ಲಾಕಿನಲ್ಲಿರುವುದು ಒಂದಲ್ಲ ಒಂದು ದಿನ ಬಕೆಟಿನೊಳಗೆ ಬೀಳಬಹುದು ಅಂತಲೇ ಲೆಕ್ಕ ಹಾಕಿ.

ಮೂರು ತುಂಡಿನದಾದರೆ ಒಳಗಿನ ಟೊಪ್ಪಿ ಮರೆಯಬಾರದು. ಅದಿಲ್ಲದಿದ್ದರೆ ನೀರಿದ್ದೂ ಇಲ್ಲದ ಹಾಗೆ, ನಡುವಿನ ಕೊಳವೆ ಬಾಯಿ ತೆರೆದೇ ಇರುತ್ತದೆ. ಮೇಲಿನ ಮುಚ್ಚಳದ ತೂತುಗಳು ಗ್ಯಾಸ್ ಹೋಗುವ ದಾರಿ, ಧೂಳು ಬೀಳುತ್ತದೆ ಅಂತ ಟೇಪ್ ಅಂಟಿಸಬೇಡಿ.

ಮೊದಲ ಎರಡು ಮೂರು ದಿನ ಗಲಾಟೆಯ ದಿನಗಳು. ಬಿಯರಿನ ಮೇಲೆ ದಪ್ಪ ನೊರೆ ಏರುತ್ತದೆ. 20 ಲೀಟರಿಗೆ 25 ರಿಂದ 30 ಲೀಟರಿನ ಬಕೆಟ್ ಬೇಕು ಅನ್ನುವುದು ಇದಕ್ಕೇ. ಜಾಗ ಸಾಲದಿದ್ದರೆ ನೊರೆ, ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಚೂರು ಎಲ್ಲ ಏರ್‌ಲಾಕಿನ ಸಣ್ಣ ಕೊಳವೆಗೆ ನುಗ್ಗಿ ಕಟ್ಟಿಕೊಳ್ಳುತ್ತವೆ. ಮತ್ತೆ ಮುಚ್ಚಳ ಹಾರಿ ಮಾಡಿಗೆ ಬಡಿಯುತ್ತದೆ, ಗೋಡೆಯೆಲ್ಲ ಬಿಯರ್. ಗೋಧಿ ಬಿಯರ್, ಕಪ್ಪು ಸ್ಟೌಟ್ ಮಾಡುವಾಗ ಈ ಭಯ ಜಾಸ್ತಿ. ಅದಕ್ಕೆ ಏರ್‌ಲಾಕ್ ಬದಲು ದಪ್ಪ ಪೈಪು ಹಾಕಿ, ಅದರ ತುದಿಯನ್ನು ಸ್ಯಾನಿಟೈಸರ್ ತುಂಬಿದ ಪಾತ್ರೆಯಲ್ಲಿ ಮುಳುಗಿಸಿಡಿ. ಬ್ರೂವರಿಯ ದೊಡ್ಡ ಟ್ಯಾಂಕುಗಳಲ್ಲೂ ನಾವು ಮಾಡುತ್ತಿದ್ದದ್ದು ಅದನ್ನೇ: ಒಂದು ಹೋಸ್, ಒಂದು ಬಕೆಟ್ ನೀರು. ನೊರೆ ಇಳಿದ ಮೇಲೆ ಏರ್‌ಲಾಕಿಗೆ ಬದಲಾಯಿಸಿದರಾಯಿತು. ನಿಜ ಹೇಳಬೇಕೆಂದರೆ ಗ್ಯಾಸ್ ಜೋರಾಗಿ ಹೊರಡುವ ಆ ದಿನಗಳಲ್ಲಿ ಏರ್‌ಲಾಕ್ ಅಷ್ಟೇನೂ ಮುಖ್ಯವಲ್ಲ, ಶುದ್ಧ ಮಾಡಿದ ಫಾಯಿಲ್ ಸಡಿಲವಾಗಿ ಮುಚ್ಚಿದರೂ ನಡೆಯುತ್ತದೆ. ಗ್ಯಾಸ್ ಕಡಿಮೆಯಾದ ಮೇಲೆಯೇ ಅದು ಬೇಕಾಗುವುದು. ನಮ್ಮ ಹುಡುಗರು ಮಾಡುವುದು ಉಲ್ಟಾ. ಗುಳ್ಳೆ ಬರುವಾಗ ವಿಡಿಯೋ ಮಾಡುತ್ತಾರೆ, ನಿಂತ ಮೇಲೆ ಅದರಲ್ಲಿ ನೀರಿದೆಯೋ ಇಲ್ಲವೋ ನೋಡುವುದಿಲ್ಲ.

ಇನ್ನು ಆ ಗುಳ್ಳೆಯ ಪ್ರಶ್ನೆ. ಯೀಸ್ಟ್ ಹಾಕಿದ ಮೇಲೆ ಸಾಮಾನ್ಯವಾಗಿ 12 ರಿಂದ 24 ಗಂಟೆಯಲ್ಲಿ ಶುರುವಾಗುತ್ತದೆ. ಚಳಿಯಿದ್ದರೆ, ಯೀಸ್ಟ್ ಹಳತಾಗಿದ್ದರೆ ಮೂರು ದಿನವೂ ಹಿಡಿಯಬಹುದು. ಏನೂ ಕಾಣದಿದ್ದರೆ ಮುಚ್ಚಳವನ್ನು ಬೆರಳಿನಿಂದ ಸ್ವಲ್ಪವೇ ಒತ್ತಿ ಹಿಡಿಯಿರಿ. ನೀರಿನ ಮಟ್ಟ ಒಂದು ಬದಿಗೆ ಸರಿದು ಅಲ್ಲೇ ನಿಂತರೆ ಸೀಲ್ ಸರಿಯಿದೆ. ಕೂಡಲೇ ಮೊದಲಿನ ಹಾಗೆ ಸಮವಾದರೆ ಎಲ್ಲೋ ಸೋರುತ್ತಿದೆ, ಗ್ಯಾಸ್ ಸುಲಭದ ದಾರಿ ಹಿಡಿದಿದೆ. ಬಕೆಟಿನ ಅಂಚಿನಲ್ಲಿ ಒಂದಿಷ್ಟು ಸೋರಿದರೂ ಬಿಯರ್ ಹುದುಗುತ್ತದೆ. ಗುಳ್ಳೆ ಇಲ್ಲ ಅಂತ ಇನ್ನೊಂದು ಪ್ಯಾಕೆಟ್ ಯೀಸ್ಟ್ ಸುರಿಯುವ ಮೊದಲು ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ತೇಲುವ ಕೊಳವೆ, ಸಕ್ಕರೆ ಕಡಿಮೆಯಾದಷ್ಟೂ ಅದರ ಅಂಕಿ ಇಳಿಯುತ್ತದೆ) ಹಾಕಿ ನೋಡಿ.

ಗುಳ್ಳೆ ಬರುತ್ತಿದೆ ಅಂದರೆ ಹುದುಗುತ್ತಿದೆ ಅಂತಲೂ ಅಲ್ಲ. ಕೋಣೆ ಬೆಚ್ಚಗಾದರೆ ಬಿಯರಿನಲ್ಲಿ ಕರಗಿದ್ದ ಗ್ಯಾಸ್ ಹೊರಬರುತ್ತದೆ. ಹೊರಗಿನ ವಾಯುಭಾರ ಇಳಿದರೂ ಬರುತ್ತದೆ. ಬಾಟಲಿ ತುಂಬಲು ಏರ್‌ಲಾಕಿನ ಅಪ್ಪಣೆ ಬೇಕಿಲ್ಲ, ಹೈಡ್ರೋಮೀಟರಿನದ್ದು ಬೇಕು. 1.050 ರಲ್ಲಿ ಶುರುವಾದದ್ದು 1.010 ರ ಆಸುಪಾಸಿಗೆ ಇಳಿದು, ಎರಡು ಮೂರು ದಿನ ಬಿಟ್ಟು ನೋಡಿದಾಗಲೂ ಅಷ್ಟೇ ಇದ್ದರೆ ಮುಗಿಯಿತು. ಅದಕ್ಕೂ ಮೊದಲು ತುಂಬಿದರೆ ಉಳಿದ ಸಕ್ಕರೆ ಬಾಟಲಿಯೊಳಗೆ ಹುದುಗಿ ಗಾಜು ಒಡೆಯುತ್ತದೆ.

ತಣಿಸುವಾಗ ಎಚ್ಚರ. ನಮ್ಮಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಹೊಡೆಯುವಾಗ ಮೆಲ್ಬರ್ನ್‌ನಲ್ಲಿ ಚಳಿಗಾಲ. ಏಲ್ ಎಂಬ ಬಗೆಯ ಬಿಯರಿನ ಯೀಸ್ಟಿಗೆ 18 ರಿಂದ 22 ಡಿಗ್ರಿ ಬೇಕು, ಶೆಡ್ಡಿನಲ್ಲಿ ರಾತ್ರಿ ಅದಕ್ಕಿಂತ ಎಷ್ಟೋ ಕೆಳಗೆ. ಬಕೆಟ್ ತಣ್ಣಗಾದರೆ ಒಳಗಿನ ಗ್ಯಾಸ್ ಕುಗ್ಗಿ ಹೊರಗಿನದನ್ನು ಎಳೆಯುತ್ತದೆ. ಮೂರು ತುಂಡಿನ ಏರ್‌ಲಾಕ್ ಆದರೆ ನೀರೇ ಒಳಗೆ ಬೀಳುತ್ತದೆ. ಎಸ್ ಕೊಳವೆಯ ಗುಣ ಅಂದೆನಲ್ಲ, ಅದು ಇದೇ: ನೀರು ಗೆರೆಯಷ್ಟೇ ಇದ್ದರೆ ಗಾಳಿ ಗುಳ್ಳೆಯಾಗಿ ಒಳಗೆ ಹೋಗುತ್ತದೆ, ನೀರು ಹೋಗುವುದಿಲ್ಲ. ಹಾಗಾಗಿ ಬಾಟಲಿಗೆ ಮೊದಲು ಫ್ರಿಜ್ಜಿನಲ್ಲಿ ತಣಿಸುವವರು ಎಸ್ ಹಾಕಿಕೊಳ್ಳಿ. ಪ್ಲಾಸ್ಟಿಕ್ ಬಕೆಟನ್ನು ಹಿಡಿಕೆ ಹಿಡಿದು ಎತ್ತಿದರೂ ಬದಿಗಳು ಬಾಗಿ ಇದೇ ಕತೆ ಆಗುತ್ತದೆ. ಎತ್ತುವ ಮೊದಲು ಏರ್‌ಲಾಕ್ ತೆಗೆದು ತೂತಿಗೆ ಫಾಯಿಲ್ ಮುಚ್ಚಿ.

ಇಲ್ಲಿಯವರಿಗೂ ಏರ್‌ಲಾಕ್ ಪ್ರಯೋಜನಕ್ಕೆ ಬರುತ್ತದೆ. ನನ್ನಲ್ಲಿ ಉಳಿದಿರುವ ಒಂದನ್ನು ಈಗ ತರಕಾರಿ ಜಾಡಿಗೆ ಹಾಕಿದ್ದೇನೆ. ಮುಳ್ಳುಸೌತೆ, ಕ್ಯಾರೆಟ್, ಹಸಿಮೆಣಸು ಹಾಕಿ, ನೀರು ಮತ್ತು ತರಕಾರಿಯ ಒಟ್ಟು ತೂಕದ ನೂರಕ್ಕೆ ಎರಡರಿಂದ ಮೂರರಷ್ಟು ಉಪ್ಪು ಸೇರಿಸಿ ಹುಳಿ ಬರಲು ಬಿಡುವುದು. ಮಳೆಗಾಲದಲ್ಲಿ ಇಂಥದ್ದರ ಮೇಲೆ ಬಿಳಿ ಪದರ ಕಟ್ಟುವ ಜೀವಿಗಳಿಗೆ ಗಾಳಿ ಬೇಕು, ಏರ್‌ಲಾಕ್ ಇದ್ದರೆ ಅದು ತುಂಬ ಕಡಿಮೆ. ನಮ್ಮ ಸೆಕೆಗೆ ಕೆಲವೇ ದಿನದಲ್ಲಿ ಹುಳಿ ಹಿಡಿಯುತ್ತದೆ. ತರಕಾರಿ ನೀರಿನಿಂದ ಮೇಲೆ ತೇಲದ ಹಾಗೆ ಭಾರವೊಂದನ್ನು ಇಡಬೇಕು, ಅದು ಮಾತ್ರ ಏರ್‌ಲಾಕ್ ಇದ್ದರೂ ತಪ್ಪುವುದಿಲ್ಲ.