ಒಂದೇ ತಿರುವಿನಲ್ಲಿ ಮೂರು ಹಗುರ ಕಾರು: ನನ್ನ ಅನುಭವ

ಕಾರುಗಳನ್ನು ಲ್ಯಾಪ್ ಟೈಮ್ ಒಂದರಿಂದಲೇ ಅಳೆಯುವವರ ಜೊತೆ ನನ್ನದು ಹಳೆಯ ತಕರಾರು. ಯಾವುದು ಬೇಗ ಸುತ್ತು ಮುಗಿಸಿತು ಎಂದಷ್ಟೇ ಅದರಿಂದ ತಿಳಿಯುತ್ತದೆ. ಆ ವೇಗ ತಿರುವಿನ ಯಾವ ಭಾಗದಲ್ಲಿ ಸಿಕ್ಕಿತು, ಹಿಡಿತ ತಪ್ಪುವ ಮೊದಲು ಕಾರು ಸುಳಿವು ಕೊಟ್ಟಿತೇ ಇಲ್ಲವೇ ಎಂಬುದು ತಿಳಿಯುವುದಿಲ್ಲ. ಹಿಂದಿನ ಚಕ್ರಗಳಿಂದ ಓಡುವ ಹಗುರ ಸ್ಪೋರ್ಟ್ಸ್ ಕಾರಿನಲ್ಲಿ ನನಗೆ ಬೇಕಾದದ್ದು ಆ ಸುಳಿವು.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ನನ್ನದು 2019ರ ಮಾಜ್ದಾ ಎಂಎಕ್ಸ್-5, ಇಲ್ಲಿಯವರ ಬಾಯಲ್ಲಿ ಮಿಯಾಟಾ. ಹಾಸನ ಮೂಲದ ಗೆಳೆಯನೊಬ್ಬನ ಬಳಿ ಟೊಯೋಟಾ ಜಿಆರ್86 ಇದೆ. ಅವನ ಸಹೋದ್ಯೋಗಿಯ ಹತ್ತಿರ 2005ರ ಲೋಟಸ್ ಎಲೀಸ್. ವಿಲೋಸ್ ಊರಿನ ಹತ್ತಿರದ ಥಂಡರ್‌ಹಿಲ್ ಟ್ರ್ಯಾಕ್‌ನಲ್ಲಿ ಮೂವರೂ ಕಾರು ಅದಲುಬದಲು ಮಾಡಿಕೊಂಡು ಓಡಿಸುತ್ತ ಬಂದಿದ್ದೇವೆ.

ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಎಂಎಕ್ಸ್-5 ಸುಮಾರು 1,060 ಕೆಜಿ, 181 ಅಶ್ವಶಕ್ತಿ. ಜಿಆರ್86 ಸುಮಾರು 1,280 ಕೆಜಿ, 228 ಅಶ್ವಶಕ್ತಿ. ಎಲೀಸ್ 900 ಕೆಜಿ ಆಸುಪಾಸು, 190 ಅಶ್ವಶಕ್ತಿ. ಟನ್ನಿಗೆ ಎಷ್ಟು ಅಶ್ವಶಕ್ತಿ ಎಂದು ಲೆಕ್ಕ ಹಾಕಿದರೆ ಮೊದಲೆರಡು 170 ಮತ್ತು 180ರ ಹತ್ತಿರ, ಎಲೀಸ್ 210 ದಾಟುತ್ತದೆ. ಕಾಗದದ ಮೇಲೆ ಮೊದಲೆರಡು ಅಣ್ಣತಮ್ಮಂದಿರಂತೆ ಕಾಣುತ್ತವೆ. ತಿರುವಿಗೆ ಬಂದರೆ ಅವುಗಳ ನಡುವೆ ಹೋಲಿಕೆಯೇ ಇಲ್ಲ.

ಹೋಲಿಕೆ ನ್ಯಾಯವಾಗಿರಬೇಕಾದರೆ ತಯಾರಿ ಬೇಕು. ಮೂರಕ್ಕೂ 200 ಟ್ರೆಡ್‌ವೇರ್ (ರಬ್ಬರು ಎಷ್ಟು ಬೇಗ ಸವೆಯುತ್ತದೆ ಎಂಬುದರ ಅಂಕಿ) ದರ್ಜೆಯ ಟೈರ್ ಹಾಕಿಸಿದೆವು. ಟೈರ್ ಬೇರೆಯಾದರೆ ನೀವು ಹೋಲಿಸುವುದು ರಬ್ಬರನ್ನೇ ಹೊರತು ಕಾರನ್ನಲ್ಲ. ಅಳತೆಯನ್ನು ಮಾತ್ರ ಬದಲಿಸಲಿಲ್ಲ. ಎಲೀಸ್‌ಗೆ ಮುಂದೆ 175, ಹಿಂದೆ 225 ಮಿಮೀ ಅಗಲ. ಎಂಜಿನ್ ಸೀಟಿನ ಹಿಂದಿರುವ ಆ ಕಾರಿನ ಸಮತೋಲ ನಿಂತಿರುವುದೇ ಆ ವ್ಯತ್ಯಾಸದ ಮೇಲೆ. ಗಾಳಿಯ ಒತ್ತಡವನ್ನು ಟ್ರ್ಯಾಕ್‌ನಿಂದ ಹೊರಬಂದ ಕೂಡಲೇ, ಟೈರ್ ಬಿಸಿಯಿರುವಾಗಲೇ ನೋಡಿ ಸರಿಮಾಡುತ್ತೇವೆ. ಬೆಳಗ್ಗೆ ತಣ್ಣಗಿದ್ದಾಗ ನೋಡಿದ ಅಂಕಿ ಮಧ್ಯಾಹ್ನಕ್ಕೆ ಏನೂ ಹೇಳುವುದಿಲ್ಲ. ಪೆಟ್ರೋಲ್ ಅರ್ಧ ಟ್ಯಾಂಕ್, ಕಾರಿನಲ್ಲಿ ಒಬ್ಬರೇ. 75 ಕೆಜಿಯ ಜೊತೆಗಾರ ಎಲೀಸ್‌ನಲ್ಲಿ ಕೂತರೆ ತೂಕ ಶೇ. 8ರಷ್ಟು ಏರುತ್ತದೆ, ಅಲ್ಲಿಗೆ ಹೋಲಿಕೆ ಮುಗಿಯಿತು. ಬ್ರೇಕ್ ಆಯಿಲ್ ಮೂರರಲ್ಲೂ ಹೊಸದು. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ಅದೇ ಆಯಿಲ್ ತೇವ ಹೀರಿಕೊಂಡ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದಿದರೆ ಬ್ರೇಕ್ ಹಿಡಿಯುವುದಿಲ್ಲ, ಹಾಗಾಗಿ ಟ್ರ್ಯಾಕ್‌ನಲ್ಲಿ ಆ ವ್ಯತ್ಯಾಸ ಜೀವದ ಪ್ರಶ್ನೆ.

ಇನ್ನು ತಿರುವು. ಥಂಡರ್‌ಹಿಲ್‌ನ ಎರಡನೇ ತಿರುವು ಎಡಕ್ಕೆ ಉದ್ದಕ್ಕೆ ಸುತ್ತಿಕೊಂಡು ಹೋಗುತ್ತದೆ. ಕಾರಿನ ಸ್ವಭಾವ ಓದಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ, ಏಕೆಂದರೆ ಅಲ್ಲಿ ಯೋಚಿಸಲು ಸಮಯವಿರುತ್ತದೆ.

ಎಂಎಕ್ಸ್-5 ಅಲ್ಲಿ ಮೈ ವಾಲಿಸುತ್ತದೆ, ಚೆನ್ನಾಗಿಯೇ ವಾಲಿಸುತ್ತದೆ. ಇದನ್ನು ದೋಷವೆಂದು ಬಗೆದು ಮೊದಲ ವಾರವೇ ಗಟ್ಟಿ ಸ್ಪ್ರಿಂಗ್ ಹಾಕಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಭಾರ ಹೊರಗಿನ ಚಕ್ರಗಳ ಮೇಲೆ ನಿಧಾನಕ್ಕೆ ಕೂರುವುದನ್ನು ಸೊಂಟದಲ್ಲಿ ಎಣಿಸಬಹುದು. ಆಕ್ಸಿಲರೇಟರ್‌ನಿಂದ ಪಾದ ತುಸು ಎತ್ತಿದರೆ ಮೂತಿ ಒಳಕ್ಕೆ ಬರುತ್ತದೆ, ಒತ್ತಿದರೆ ಹೊರಕ್ಕೆ ಸರಿಯುತ್ತದೆ. ಸ್ಟೀರಿಂಗ್ ಕದಲಿಸದೆ ಕಾಲಿನಿಂದಲೇ ದಾರಿ ತಿದ್ದುವ ಪಾಠ ನನಗೆ ಆದದ್ದು ಈ ತಿರುವಿನಲ್ಲಿ, ಈ ಕಾರಿನಲ್ಲಿ.

ಜಿಆರ್86 ಅಷ್ಟು ವಾಲುವುದಿಲ್ಲ. ಅದರ 2.4 ಲೀಟರ್ ಎಂಜಿನ್‌ನ ಸಿಲಿಂಡರುಗಳು ಎರಡೂ ಕಡೆಗೆ ಅಡ್ಡ ಮಲಗಿರುವುದರಿಂದ ಭಾರ ನೆಲಕ್ಕೆ ಹತ್ತಿರ. ಮುಂದಿನ ಹಿಂದಿನ ಚಕ್ರಗಳ ನಡುವಿನ ಉದ್ದವೂ 2,575 ಮಿಮೀ. ಎಂಎಕ್ಸ್-5ರಲ್ಲಿ ಅದು 2,310 ಮಾತ್ರ. ಆದ್ದರಿಂದ ಹಿಂಭಾಗ ಜಾರಿದರೂ ಆತುರವಿಲ್ಲದೆ ಜಾರುತ್ತದೆ, ಹಿಡಿದುಕೊಳ್ಳಲು ಪುರುಸೊತ್ತು ಕೊಡುತ್ತದೆ. ಇದರ ಹಿಂದಿನ ತಲೆಮಾರಿನ ಕಾರಿನ 2 ಲೀಟರ್ ಎಂಜಿನ್‌ನಲ್ಲಿ 4,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತು) ಆಸುಪಾಸಿನಲ್ಲಿ ಎಳೆತ ಕುಸಿಯುವ ಹಳ್ಳವೊಂದಿತ್ತು. ಹೊಸದರಲ್ಲಿ ಪೂರ್ಣ ಟಾರ್ಕ್, ಅಂದರೆ ತಿರುಗಿಸುವ ಬಲ, 3,700ಕ್ಕೇ ಸಿಗುತ್ತದೆ. ತಿರುವಿನ ನಡುವೆ ಗೇರ್ ಇಳಿಸುವ ಗೋಜಿಲ್ಲ. ಇದರ ಜೋಡಿ ಸುಬಾರು ಬಿಆರ್‌ಜಡ್‌ನಲ್ಲಿ ಮುಂದಿನ ಸ್ಪ್ರಿಂಗ್ ಇದರದ್ದಕ್ಕಿಂತ ಗಟ್ಟಿ, ಹಿಂದಿನದು ಇದರದ್ದಕ್ಕಿಂತ ಮೆದು. ಬಾಲ ಆಡಿಸುವ ಚಟ ಅದಕ್ಕೆ ಕಡಿಮೆ.

ಎಲೀಸ್ ಬೇರೆಯೇ ಜಾತಿ. ಅದಕ್ಕೆ ಪವರ್ ಸ್ಟೀರಿಂಗ್ ಇಲ್ಲ. ತಿರುವಿಗೆ ಹಾಕಿದ ಕೂಡಲೇ ಸ್ಟೀರಿಂಗ್ ಭಾರವಾಗುತ್ತ ಹೋಗುತ್ತದೆ, ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಹಗುರವಾಗುತ್ತದೆ. ಆ ಹಗುರವೇ ಸುದ್ದಿ. ಟೈರ್ ಮಿತಿಯ ಹತ್ತಿರ ಬರುತ್ತಿದ್ದಂತೆ, ರಸ್ತೆಗೆ ತಾಗಿದ ರಬ್ಬರಿನ ಹಿಂಬದಿ ಮೊದಲು ಜಾರತೊಡಗುತ್ತದೆ. ಚಕ್ರವನ್ನು ನೇರಕ್ಕೆ ಎಳೆಯುವ ಬಲ ಆಗ ಕುಗ್ಗುತ್ತದೆ. ಅಡ್ಡ ಹಿಡಿತ ಇನ್ನೂ ಪೂರ್ತಿ ಮುಗಿದಿರುವುದಿಲ್ಲ. ಅಂದರೆ ಮುಂದಿನ ಚಕ್ರ ಕೈಕೊಡುವ ಮೊದಲೇ ಕೈಗೆ ಗೊತ್ತಾಗುತ್ತದೆ. ಉಳಿದೆರಡು ಕಾರುಗಳ ಎಲೆಕ್ಟ್ರಿಕ್ ಸ್ಟೀರಿಂಗ್‌ನಲ್ಲಿ ಈ ಸುಳಿವು ಇದೆ, ಆದರೆ ಕಂಬಳಿಯ ಒಳಗಿನಿಂದ ಬಂದ ಹಾಗೆ. ಎಲೀಸ್ ಓಡಿಸಿ ಬಂದ ಮೇಲೆಯೇ ನನ್ನ ಕಾರಿನಲ್ಲೂ ಅದನ್ನು ಹುಡುಕಿ ಗುರುತಿಸುವುದು ನನಗೆ ಸಾಧ್ಯವಾಯಿತು.

ಎಲೀಸ್ ಶಿಸ್ತನ್ನೂ ಕೇಳುತ್ತದೆ. ಭಾರದ ಹೆಚ್ಚಿನ ಪಾಲು ಹಿಂದಿರುವುದರಿಂದ ಮೂತಿ ಹಗುರ. ಬ್ರೇಕನ್ನು ಪೂರ್ತಿ ಬಿಟ್ಟು ತಿರುಗಿಸಿದರೆ ಮುಂದಿನ ಚಕ್ರಕ್ಕೆ ಕಚ್ಚಲು ಭಾರ ಸಾಲದೆ ಕಾರು ನೇರಕ್ಕೆ ಹೋಗಲು ನೋಡುತ್ತದೆ. ಆದ್ದರಿಂದ ಬ್ರೇಕನ್ನು ತಿರುವಿನೊಳಕ್ಕೂ ಒಯ್ದು, ಸ್ಟೀರಿಂಗ್ ಹೆಚ್ಚಿದಂತೆ ಬಿಡುತ್ತ ಬರಬೇಕು. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಹಿಂಭಾಗ ಸುತ್ತಿಬಿಡುತ್ತದೆ. ತೂಕ ನಟ್ಟನಡುವೆ ಗುಡ್ಡೆಯಾಗಿರುವ ಕಾರು ಬೇಗ ತಿರುಗುತ್ತದೆ, ಅಷ್ಟೇ ಬೇಗ ತಪ್ಪುತ್ತದೆ. ಹೊಸಬರಿಗೆ ನಾನು ಈ ಕಾರಿನ ಕೀಲಿ ಕೊಡುವುದಿಲ್ಲ.

ಕೊನೆಯ ತಿರುವಿನಿಂದ ಮುಖ್ಯ ಹಾದಿಗೆ ಬೀಳುವಾಗ ಚಿತ್ರ ಬದಲಾಗುತ್ತದೆ. ಎಲೀಸ್‌ನ ಹಿಂದಿನ ಟೈರ್‌ಗಳ ಮೇಲೆ ಭಾರವಿರುವುದರಿಂದ ಬೇಗನೆ ಪೂರ್ತಿ ಒತ್ತಬಹುದು. ಆದರೆ ಅದರ ಟೊಯೋಟಾ ಎಂಜಿನ್‌ನ ಎರಡನೇ ಕ್ಯಾಮ್ (ವಾಲ್ವ್‌ಗಳನ್ನು ಹೆಚ್ಚು ತೆರೆಯುವ ಭಾಗ) ಏಳುವುದು 6,200 ಆರ್‌ಪಿಎಂ ಸುಮಾರಿಗೆ. ಅದಕ್ಕಿಂತ ಕೆಳಗೆ ಬಿದ್ದರೆ ಸಪ್ಪೆ. ನೇರ ಹಾದಿಯಲ್ಲಿ ಜಿಆರ್86 ನನ್ನ ಎಂಎಕ್ಸ್-5 ಅನ್ನು ಬಿಟ್ಟು ಮುಂದೆ ಹೋಗುತ್ತದೆ, ಬ್ರೇಕ್ ಹಾಕುವಲ್ಲಿ ನಾನು ಸ್ವಲ್ಪ ಹಿಂದಿರುಗಿಸಿಕೊಳ್ಳುತ್ತೇನೆ. 220 ಕೆಜಿ ಕಡಿಮೆ ಇರುವುದರ ಫಲ ಅದು. ದಿನದ ಕೊನೆಗೆ ಟೈರ್ ಮತ್ತು ಬ್ರೇಕ್ ಪ್ಯಾಡ್ ನೋಡಿದರೂ ಹಗುರ ಕಾರಿನ ಖರ್ಚು ಕಡಿಮೆ ಎಂದು ಕಣ್ಣಿಗೇ ಕಾಣುತ್ತದೆ.

ಕೊಳ್ಳುವ ಯೋಚನೆಯಿದ್ದವರು ಕೇಳಿದರೆ ನನ್ನ ಉತ್ತರ ಹೀಗಿರುತ್ತದೆ: ಕಲಿಯಲು ಎಂಎಕ್ಸ್-5, ಮಕ್ಕಳ ಶಾಲೆಗೂ ಟ್ರ್ಯಾಕ್‌ಗೂ ಒಂದೇ ಕಾರು ಬೇಕೆಂದರೆ ಜಿಆರ್86. ಎತ್ತರದವರು ಮಾತ್ರ ಒಂದನ್ನು ಮೊದಲೇ ನೋಡಿಕೊಳ್ಳಿ. ತೆರೆದ ಮಾಡಿನ ಕಾರಿಗೆ ಅನೇಕ ಟ್ರ್ಯಾಕ್ ಡೇಗಳಲ್ಲಿ (ಸ್ವಂತ ಕಾರನ್ನು ಟ್ರ್ಯಾಕ್‌ನಲ್ಲಿ ಓಡಿಸಲು ಬಿಡುವ ದಿನಗಳು) ರೋಲ್ ಬಾರ್, ಅಂದರೆ ಕಾರು ಮಗುಚಿದರೆ ತಲೆ ಕಾಯುವ ಕಂಬಿ, ಕೇಳುತ್ತಾರೆ. ಅದರ ತುದಿಯಿಂದ ಮುಂಗಾಜಿನ ಅಂಚಿಗೆ ಕೋಲು ಇಟ್ಟು, ಹೆಲ್ಮೆಟ್ ಅದರ ಕೆಳಗಿದೆಯೇ ಎಂದು ಪರೀಕ್ಷಿಸುತ್ತಾರೆ. ಹೆಲ್ಮೆಟ್ ಕೋಲಿಗೆ ತಾಗಿದರೆ ಒಳಗೆ ಬಿಡುವುದಿಲ್ಲ.

ಹೋಲಿಕೆಯ ನಂತರ ನನ್ನ ಕಾರಿನಲ್ಲಿ ಬದಲಿಸಿದ್ದು ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ, ಮಾತ್ರ. ಎಂಎಕ್ಸ್-5ರಲ್ಲಿ ಮುಂದೆ ಹಿಂದೆ ಎರಡೂ ಕಡೆ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಹೊಂದಿಸಲು ಬೋಲ್ಟ್ ಕಂಪನಿಯಿಂದಲೇ ಬರುತ್ತದೆ; ಜಿಆರ್86ರ ಮುಂಭಾಗಕ್ಕೆ ಬೇರೆ ಬೋಲ್ಟ್ ಅಥವಾ ಪ್ಲೇಟ್ ಕೊಳ್ಳಬೇಕು. ಮುಂದಿನ ಚಕ್ರಗಳ ನೆತ್ತಿಯನ್ನು ಇನ್ನಷ್ಟು ಒಳಕ್ಕೆ ವಾಲಿಸಿದ ಮೇಲೆ ಎರಡನೇ ತಿರುವಿನಲ್ಲಿ ಹೊರಗಿನ ಟೈರ್‌ನ ಭುಜ ಸವೆಯುವುದು ನಿಂತಿದೆ. ಸ್ಪ್ರಿಂಗ್ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ.