ಪದವಿಯ ಸಂತೋಷವನ್ನು ಮನೆಯವರು, ಗೆಳೆಯರೊಂದಿಗೆ ಹಂಚಿಕೊಳ್ಳುವುದು ಹೇಗೆ?

ಪದವಿಪತ್ರದಲ್ಲಿ ಒಬ್ಬರದೇ ಹೆಸರು ಮುದ್ರಣವಾಗುತ್ತದೆಯಾದರೂ, ಶುಲ್ಕ ಹೊಂದಿಸಿದವರು, ಪರೀಕ್ಷೆಯ ದಿನಗಳಲ್ಲಿ ಮನೆಯನ್ನು ಸದ್ದಿಲ್ಲದಂತೆ ಇಟ್ಟವರು, ತಪ್ಪಿಹೋದ ತರಗತಿಗಳ ಟಿಪ್ಪಣಿ ಕೊಟ್ಟವರು, ಒಂದು ವಿಷಯ ಉಳಿದುಹೋದಾಗ ಧೈರ್ಯ ತುಂಬಿದವರು, ಹೀಗೆ ಹಲವರ ಶ್ರಮ ಆ ಕಾಗದದಲ್ಲಿ ಸೇರಿರುತ್ತದೆ. ಆಚರಣೆ ಅವರೆಲ್ಲರಿಗೂ ಸಲ್ಲಬೇಕಾದದ್ದು ಎಂದು ಮೊದಲೇ ನಿಶ್ಚಯಿಸಿಕೊಂಡರೆ, ಯಾರನ್ನು ಕರೆಯಬೇಕು, ಎಷ್ಟು ಖರ್ಚು ಮಾಡಬೇಕು, ಸೇರಿದ ಹೊತ್ತನ್ನು ಹೇಗೆ ಕಳೆಯಬೇಕು ಎಂಬುದನ್ನು ತೀರ್ಮಾನಿಸುವುದು ಕಷ್ಟವಾಗುವುದಿಲ್ಲ.

ಮೊದಲು ಪದವಿ ಪಡೆದವರನ್ನೇ ಕೇಳಿ

ಹಿರಿಯರು ಉತ್ಸಾಹದಿಂದ ಎಲ್ಲವನ್ನೂ ತಾವೇ ನಿರ್ಧರಿಸಿಬಿಡುವುದುಂಟು. ಆದರೆ ನೂರು ಜನರ ನಡುವೆ ಅರಳುವವರಿರುವಂತೆ, ಆರು ಜನರೊಂದಿಗೆ ಕುಳಿತು ಮಾತನಾಡಿದರೆ ಮಾತ್ರ ಸಂತೋಷಪಡುವವರೂ ಇರುತ್ತಾರೆ. ಯಾರು ಇರಲೇಬೇಕು, ಯಾವುದು ಬೇಡವೇ ಬೇಡ ಎಂಬ ಎರಡು ಪ್ರಶ್ನೆಗಳನ್ನು ಅವರ ಮುಂದಿಟ್ಟು, ಉತ್ತರವನ್ನು ಗೌರವಿಸಿ. ಮೊದಲೇ ತಿಳಿಸದೆ ಅಚ್ಚರಿಪಡಿಸುವ ಆಸೆಯಿದ್ದರೆ, ಸ್ಥಳವನ್ನೋ ಉಡುಗೊರೆಯನ್ನೋ ಗುಟ್ಟಾಗಿಡಬಹುದು. ಬರುವವರ ಪಟ್ಟಿಯನ್ನು ಮಾತ್ರ ಗುಟ್ಟಾಗಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ದಿನ ಗೊತ್ತುಮಾಡುವಾಗ

ಕೊನೆಯ ಪರೀಕ್ಷೆ, ಫಲಿತಾಂಶ, ಘಟಿಕೋತ್ಸವ ಇವು ಮೂರೂ ಬೇರೆ ಬೇರೆ ದಿನಗಳು. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಫಲಿತಾಂಶ ಬಂದು ತಿಂಗಳುಗಳು ಕಳೆದ ಮೇಲೆ ಘಟಿಕೋತ್ಸವ ನಡೆಯುತ್ತದೆ, ಅಷ್ಟರಲ್ಲಿ ಸಹಪಾಠಿಗಳು ಕೆಲಸಕ್ಕಾಗಿಯೋ ಮುಂದಿನ ಓದಿಗಾಗಿಯೋ ಊರೂರಿಗೆ ಚದುರಿಹೋಗಿರುತ್ತಾರೆ. ಆದ್ದರಿಂದ ಗೆಳೆಯರ ಕೂಟವನ್ನು ಫಲಿತಾಂಶ ಬಂದ ಕೂಡಲೇ ಇಟ್ಟುಕೊಂಡು, ಮನೆಯವರ ಆಚರಣೆಯನ್ನು ಘಟಿಕೋತ್ಸವದ ದಿನಕ್ಕೆ ಅಥವಾ ಅದರ ಮರುದಿನಕ್ಕೆ ಹೊಂದಿಸುವುದು ಒಳ್ಳೆಯದು.

ಘಟಿಕೋತ್ಸವದ ಸಭಾಂಗಣಕ್ಕೆ ಪ್ರತಿ ಪದವೀಧರರ ಜೊತೆ ಕೆಲವೇ ಮಂದಿಗೆ ಪ್ರವೇಶ ನೀಡುವ ಪದ್ಧತಿ ಹಲವೆಡೆ ಇದೆ. ಪಾಸ್ ಎಷ್ಟು ಸಿಗುತ್ತದೆ, ಹೆಸರು ನೋಂದಾಯಿಸಲು ಕೊನೆಯ ದಿನ ಯಾವುದು ಎಂಬುದನ್ನು ಸುತ್ತೋಲೆ ಬಂದ ದಿನವೇ ನೋಡಿಕೊಳ್ಳಿ. ಯಾರಿಗೆ ಪಾಸ್ ಕೊಡುವುದೆಂಬುದು ಮನೆಗಳಲ್ಲಿ ಮನಸ್ಸು ನೋಯುವ ವಿಷಯವಾಗಬಹುದು, ಹಾಗಾಗಿ ಒಳಗೆ ಬರಲಾಗದವರೊಂದಿಗೆ ಮುಂಚಿತವಾಗಿಯೇ ಮಾತನಾಡಿ. ಸಮಾರಂಭದ ನೇರ ಪ್ರಸಾರವಿದ್ದರೆ ಮನೆಯಲ್ಲಿರುವ ಹಿರಿಯರಿಗೆ ಅದನ್ನು ತೋರಿಸುವ ಹೊಣೆಯನ್ನು ಒಬ್ಬರಿಗೆ ಒಪ್ಪಿಸಿ, ಗೌನು ಧರಿಸಿದ ವೇಷದಲ್ಲಿಯೇ ಅವರನ್ನು ಹೋಗಿ ಕಾಣುವಂತೆ ಸಮಯ ಹೊಂದಿಸಿಕೊಳ್ಳಿ.

ಕರೆಯಬೇಕಾದವರ ಪಟ್ಟಿ

ಫೋನಿನಲ್ಲಿರುವ ಹೆಸರುಗಳನ್ನು ಒಂದರ ಕೆಳಗೊಂದು ಬರೆಯುತ್ತಾ ಹೋದರೆ ಪಟ್ಟಿ ಉದ್ದವಾಗುತ್ತದೆಯೇ ಹೊರತು ಸರಿಯಾಗುವುದಿಲ್ಲ. ಮೊದಲ ವರ್ಷದ ಮೊದಲ ದಿನದಿಂದ ಕೊನೆಯ ಪರೀಕ್ಷೆಯವರೆಗಿನ ದಿನಗಳನ್ನು ನೆನಪಿಸಿಕೊಳ್ಳುತ್ತಾ, ಆಯಾ ಹೊತ್ತಿನಲ್ಲಿ ಜೊತೆಗಿದ್ದವರನ್ನು ಬರೆದುಕೊಳ್ಳಿ. ಹಾಗೆ ಮಾಡಿದಾಗ, ಸಾಮಾನ್ಯವಾಗಿ ಮರೆತುಹೋಗುವ ಶಾಲೆಯ ಶಿಕ್ಷಕರು, ಗ್ರಂಥಾಲಯದ ಸಿಬ್ಬಂದಿ, ಹಾಸ್ಟೆಲಿನ ಕೊಠಡಿಯ ಜೊತೆಗಾರರು ತಾವಾಗಿಯೇ ಪಟ್ಟಿಗೆ ಬರುತ್ತಾರೆ.

ಜೊತೆಯಲ್ಲಿ ಓದಿದರೂ ಈ ಬಾರಿ ಉತ್ತೀರ್ಣರಾಗದ ಗೆಳೆಯರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕರೆಯದೆ ಬಿಟ್ಟರೆ ದೂರವಿಟ್ಟಂತಾಗುತ್ತದೆ, ಗುಂಪಿನ ಸಂದೇಶದಲ್ಲಿ ಕರೆದರೆ ಬರಲೂ ಆಗದೆ ನಿರಾಕರಿಸಲೂ ಆಗದೆ ಅವರು ಒದ್ದಾಡಬೇಕಾಗುತ್ತದೆ. ಪದವಿ ಪಡೆದವರೇ ಖುದ್ದಾಗಿ ಕರೆ ಮಾಡಿ, ‘ನೀನಿದ್ದರೆ ನನಗೆ ಸಂತೋಷ, ಬರಲು ಮನಸ್ಸಾಗದಿದ್ದರೆ ಬೇರೊಂದು ದಿನ ನಾವಿಬ್ಬರೇ ಸಿಗೋಣ’ ಎಂದು ಹೇಳಿದರೆ ಗೆಳೆತನ ಉಳಿಯುತ್ತದೆ. ಅವರು ಬಂದರೆ, ಅಂಕಗಳನ್ನೂ ಶ್ರೇಣಿಯನ್ನೂ ಹೋಲಿಸುವ ಮಾತು ಕೂಟದಲ್ಲಿ ಬಾರದಂತೆ ಮನೆಯವರಿಗೆ ಮೊದಲೇ ತಿಳಿಸಿರಬೇಕು.

ಖರ್ಚಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಓದು ಮುಗಿದ ಮನೆಯಲ್ಲಿ ಕೆಲಸ ಹುಡುಕುವ, ಮುಂದಿನ ಪ್ರವೇಶಕ್ಕೆ ಅರ್ಜಿ ಹಾಕುವ ಖರ್ಚುಗಳು ಕಾದಿರುತ್ತವೆಯಾದ್ದರಿಂದ, ಸಂಭ್ರಮಕ್ಕಾಗಿ ಸಾಲ ಮಾಡಬೇಡಿ. ಮೂರು ನಾಲ್ಕು ಗೆಳೆಯರ ಕುಟುಂಬಗಳು ಸೇರಿ ಒಂದೇ ಕಡೆ ಆಚರಿಸುವುದಾದರೆ, ಸ್ಥಳಕ್ಕೆ ಮುಂಗಡ ಕೊಡುವ ಮೊದಲೇ ಪ್ರತಿ ಮನೆಯ ಪಾಲು ಎಷ್ಟೆಂಬುದನ್ನು ಬರೆದಿಟ್ಟುಕೊಳ್ಳಿ.

ಅರ್ಧ ಗಂಟೆಯ ಮಾತು

ಇಡೀ ಆಚರಣೆಯಲ್ಲಿ ನಾನು ಅತಿ ಮುಖ್ಯವೆಂದು ಭಾವಿಸುವುದು ಈ ಹಂತವನ್ನು. ಅಲಂಕಾರಕ್ಕೆ, ಊಟಕ್ಕೆ ವಾರಗಟ್ಟಲೆ ಸಿದ್ಧತೆ ನಡೆದರೂ ಕೃತಜ್ಞತೆಯ ನಾಲ್ಕು ಮಾತುಗಳಿಗೆ ಸಮಯವೇ ಇಲ್ಲದೆ ಕೂಟ ಮುಗಿದುಹೋಗುವುದು ಸಾಮಾನ್ಯವಾಗಿದೆ. ಎಲ್ಲರೂ ಬಂದು ಸೇರಿದ ಮೇಲೆ, ಊಟಕ್ಕೆ ಏಳುವ ಮೊದಲು, ಅರ್ಧ ಗಂಟೆಯನ್ನು ಇದಕ್ಕಾಗಿ ಮೀಸಲಿಡಿ.

ಪದವಿ ಪಡೆದವರು ಮೂರರಿಂದ ಐದು ನಿಮಿಷ ಮಾತನಾಡಿದರೆ ಸಾಕು. ‘ಎಲ್ಲರಿಗೂ ಧನ್ಯವಾದ’ ಎಂಬ ಮಾತು ಯಾರನ್ನೂ ಮುಟ್ಟುವುದಿಲ್ಲ, ‘ಎರಡನೆಯ ವರ್ಷದ ಪರೀಕ್ಷೆಯ ಹಿಂದಿನ ರಾತ್ರಿ ಜ್ವರ ಬಂದು ಮಲಗಿದ್ದಾಗ ಅಕ್ಕ ಪಕ್ಕದಲ್ಲಿ ಕುಳಿತು ಪಾಠವನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿದಳು’ ಎಂದಾಗ ಅಕ್ಕನಿಗೂ, ಕೇಳುವವರಿಗೂ ಅದು ತಲುಪುತ್ತದೆ. ಹೀಗೆ ಒಬ್ಬೊಬ್ಬರಿಗೆ ಒಂದು ಘಟನೆಯಂತೆ ನಾಲ್ಕೈದು ನೆನಪುಗಳನ್ನು ಚೀಟಿಯಲ್ಲಿ ಗುರುತುಹಾಕಿಕೊಂಡಿರಬೇಕು. ಈ ದಿನವನ್ನು ನೋಡಲು ಬದುಕಿರಬೇಕಾಗಿದ್ದು ಇಲ್ಲವಾದವರ ಹೆಸರನ್ನು ಎಲ್ಲಕ್ಕಿಂತ ಮೊದಲು ಹೇಳಿ.

ಅನಂತರ ಮನೆಯವರಲ್ಲಿ ಒಬ್ಬರು, ಗೆಳೆಯರಲ್ಲಿ ಒಬ್ಬರು, ಸಾಧ್ಯವಾದರೆ ಶಿಕ್ಷಕರೊಬ್ಬರು ಮಾತನಾಡಲಿ. ಹಿಂದಿನ ದಿನವೇ ಅವರಿಗೆ ತಿಳಿಸಿ, ಉಪದೇಶಕ್ಕಿಂತ ಒಂದು ನೆನಪನ್ನು ಹೇಳುವಂತೆ ಕೇಳಿಕೊಳ್ಳಿ. ಅಜ್ಜ ಅಜ್ಜಿಯರ ಮಾತನ್ನು ತಪ್ಪದೆ ಧ್ವನಿಮುದ್ರಿಸಿಕೊಳ್ಳಿ. ‘ಮುಂದೇನು, ಕೆಲಸ ಸಿಕ್ಕಿತೇ, ಮದುವೆ ಯಾವಾಗ’ ಎಂಬ ಪ್ರಶ್ನೆಗಳನ್ನು ಆ ಒಂದು ದಿನದ ಮಟ್ಟಿಗೆ ಬದಿಗಿಡುವಂತೆ ಹತ್ತಿರದ ನೆಂಟರಲ್ಲಿ ವಿನಂತಿಸುವುದರಲ್ಲಿ ತಪ್ಪೇನೂ ಇಲ್ಲ.

ಗೌನು, ಟೋಪಿ, ಛಾಯಾಚಿತ್ರ

ಉದ್ದನೆಯ ಗೌನು ಮಧ್ಯಯುಗದ ಯೂರೋಪಿನ ವಿಶ್ವವಿದ್ಯಾಲಯಗಳಿಂದ ಬಂದದ್ದು. ಅಲ್ಲಿನ ವಿದ್ವಾಂಸರಲ್ಲಿ ಬಹುಪಾಲು ಜನ ಧರ್ಮಗುರುಗಳ ವರ್ಗಕ್ಕೆ ಸೇರಿದವರಾಗಿದ್ದರಿಂದ, ಅವರ ನಿಲುವಂಗಿಯೇ ವಿದ್ಯೆಯ ಉಡುಪಾಯಿತು. ಬಾಡಿಗೆಗೆ ಪಡೆದ ಗೌನನ್ನು ಹಿಂದಿರುಗಿಸಬೇಕಾದ ಸಮಯವನ್ನು ಮೊದಲೇ ಕೇಳಿ ತಿಳಿದುಕೊಂಡು, ಅದರೊಳಗೆ ಕುಟುಂಬದ ಚಿತ್ರಗಳನ್ನು ಮುಗಿಸಿಕೊಳ್ಳಿ. ಕಾಲೇಜಿನ ಮೆಟ್ಟಿಲು ಹತ್ತುವ ಅವಕಾಶವೇ ಸಿಗದ ತಾಯಿಗೋ ತಂದೆಗೋ ಆ ಗೌನನ್ನು ಹೊದಿಸಿ, ಟೋಪಿ ತೊಡಿಸಿ ಒಂದು ಚಿತ್ರ ತೆಗೆಸಿ. ಎಷ್ಟೋ ಮನೆಗಳಲ್ಲಿ ಗೋಡೆಯ ಮೇಲೆ ಉಳಿಯುವುದು ಅದೇ.

ಟೋಪಿಯನ್ನು ಮೇಲಕ್ಕೆ ಎಸೆಯುವ ರೂಢಿಯ ಆರಂಭವನ್ನು ಸಾಮಾನ್ಯವಾಗಿ 1912ರಲ್ಲಿ ಅಮೆರಿಕದ ನೌಕಾ ಅಕಾಡೆಮಿಯಲ್ಲಿ ಗುರುತಿಸುತ್ತಾರೆ. ಪದವಿಯೊಂದಿಗೆ ಅಧಿಕಾರಿಯ ಹೊಸ ಟೋಪಿ ದೊರೆಯುತ್ತಿದ್ದುದರಿಂದ ವಿದ್ಯಾರ್ಥಿಗಳಿಗೆ ಹಳೆಯದು ಬೇಕಾಗಿರಲಿಲ್ಲ. ಈಗಿನ ಚೌಕಾಕಾರದ ಟೋಪಿಯ ಮೂಲೆಗಳು ಗಟ್ಟಿಯಾಗಿರುವುದರಿಂದ, ಮಕ್ಕಳನ್ನು ದೂರ ನಿಲ್ಲಿಸಿದ ಮೇಲೆಯೇ ಎಸೆಯಿರಿ.

ನಡುಹಗಲಿನ ನೆತ್ತಿಯ ಬಿಸಿಲು ಕಣ್ಣಿನ ಕೆಳಗೆ ಗಾಢ ನೆರಳು ಮೂಡಿಸುತ್ತದೆ, ಮುಂಜಾನೆಯ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಮುಖಗಳು ಮೃದುವಾಗಿ ಕಾಣುತ್ತವೆ. ಯಾರೊಂದಿಗೆ ಯಾವ ಚಿತ್ರ ಬೇಕೆಂಬ ಪಟ್ಟಿಯನ್ನು ಗೆಳೆಯರೊಬ್ಬರ ಕೈಗೆ ಕೊಟ್ಟರೆ ಬೇಗ ಮುಗಿಯುತ್ತದೆ.

ಪದವಿಪತ್ರ ಮತ್ತು ಮರುದಿನದ ಕೆಲಸ

ಮೂಲ ಪದವಿಪತ್ರವನ್ನು ಕೂಟದಲ್ಲಿ ಕೈಯಿಂದ ಕೈಗೆ ದಾಟಿಸದೆ, ಅದರ ಬಣ್ಣದ ಪ್ರತಿಯನ್ನು ತೋರಿಸಿ. ಗೋಡೆಯಲ್ಲಿ ಚೌಕಟ್ಟು ಹಾಕುವುದಕ್ಕೂ ಪ್ರತಿಯೇ ಸಾಕು, ಏಕೆಂದರೆ ಬಿಸಿಲು ತಾಗಿದರೆ ಶಾಯಿ ಮಾಸುತ್ತದೆ. ಮೂಲಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಒಮ್ಮೆ ಅಂಟಿದ ಪ್ಲಾಸ್ಟಿಕ್ ಹಾಳೆಯನ್ನು ಕಾಗದಕ್ಕೆ ಹಾನಿಯಾಗದಂತೆ ಬಿಡಿಸಲಾಗುವುದಿಲ್ಲ, ಮುದ್ರೆಗಳನ್ನು ಪರಿಶೀಲಿಸುವವರಿಗೂ ತೊಡಕಾಗುತ್ತದೆ. ನೋಂದಣಿ ಸಂಖ್ಯೆ, ಕ್ಯೂಆರ್ ಕೋಡ್ ಕಾಣುವ ಚಿತ್ರವನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಾಕುವುದೂ ಸುರಕ್ಷಿತವಲ್ಲ.

ಬಂದವರಿಗೆ, ಬರಲಾಗದೆ ಹಾರೈಸಿದವರಿಗೆ ಒಂದು ವಾರದೊಳಗೆ ಕೃತಜ್ಞತೆ ತಿಳಿಸಿ. ಹೆಚ್ಚಿನವರಿಗೆ ಒಂದು ಕರೆ ಅಥವಾ ಸಂದೇಶ ಸಾಕಾಗುತ್ತದೆ. ಹಿರಿಯರಿಗೆ ಮತ್ತು ಶಿಕ್ಷಕರಿಗೆ ಮಾತ್ರ, ಅವರೊಂದಿಗೆ ತೆಗೆಸಿಕೊಂಡ ಚಿತ್ರವನ್ನು ಮುದ್ರಿಸಿ, ಹಿಂಬದಿಯಲ್ಲಿ ಸ್ವಂತ ಕೈಬರಹದಲ್ಲಿ ಎರಡು ಸಾಲು ಬರೆದು ದಿನಾಂಕ ಹಾಕಿ ಕಳುಹಿಸಿ.