ಆರ್‌ಎಕ್ಸ್ 100 ಜೊತೆ ಬಂದ ಗೋಣಿಚೀಲ: ಯಾವ ಪಾರ್ಟು ಯಾವ ಗಾಡೀದು?

ನಿಪ್ಪಾಣಿ ಕಡೆಯಿಂದ ಬೆಳಗಾವಿಗೆ ತಂದ ಹಳೆಯ ಯಮಹಾ ಆರ್‌ಎಕ್ಸ್ 100 ಬೈಕಿನ ಜೊತೆ ಒಂದು ಗೋಣಿಚೀಲವೂ ಬಂತು. ಹದಿನಾಲ್ಕು ಕಿಲೋ ಆಸುಪಾಸು, ಬಿಡಿ ಸಾಮಾನು ತೊಂಬತ್ತರ ಮೇಲೆ. "ಗುಜರಿಗೆ ಹಾಕ್ರಿ ಸರ, ಚಹಾ-ಭಜಿ ಖರ್ಚರ ಹೊಂಡತೈತಿ" ಅಂದರು ಮಿಸ್ತ್ರಿ. ಕಿಲೋಕ್ಕೆ ಮೂವತ್ತೈದು ಹಿಡಿದರೂ ಐನೂರು ದಾಟುತ್ತಿರಲಿಲ್ಲ. ಈಗ ಎಂಬತ್ತರ ಹತ್ತಿರ ಸಾಮಾನಿಗೆ ಹೆಸರು, ಅಳತೆ, ಗಾಡಿ ಮೂರೂ ಬರೆದ ಚೀಟಿ ಕಟ್ಟಿದೆ. ಅದೇ ಮಿಸ್ತ್ರಿ ಮೊನ್ನೆ ಕ್ಲಚ್ ಸ್ಪ್ರಿಂಗ್ ಸೆಟ್ ಕೇಳಿಕೊಂಡು ಬಂದಿದ್ದರು.

ಮೊದಲು ಕೆಟ್ಟದ್ದು ಎಲ್ಲಿ ಅಂದರೆ, ಗಾಡಿ ಆರ್‌ಎಕ್ಸ್ ಆದ್ದರಿಂದ ಚೀಲವೂ ಆರ್‌ಎಕ್ಸ್‌ದೇ ಅಂದುಕೊಂಡದ್ದು. ಅರ್ಧದಷ್ಟೂ ಇರಲಿಲ್ಲ. ಗಾಡಿಯ ಹೆಸರು ಕಡೆಗೆ ಬರಬೇಕು. ಮೊದಲು ಸಾಮಾನು ಏನು ಕೆಲಸದ್ದು, ಆಮೇಲೆ ಅಳತೆ, ಆಮೇಲೆ ನಂಬರು. ಎರಡನೇ ತಪ್ಪು, ಎಲ್ಲವನ್ನೂ ಒಮ್ಮೆಲೇ ಚಿಮಣಿ ಎಣ್ಣೆಯಲ್ಲಿ ಅದ್ದಿ ತಂತಿ ಬ್ರಷ್ ಹಾಕಿದ್ದು. ಹಳೆಯ ಮಾಲೀಕ ಪೇಂಟಿನಲ್ಲಿ ಬರೆದ ಗುರುತು ಹೋಯಿತು, ಒಂದು ಪಿಸ್ಟನ್ ತಲೆಯ ಮೇಲೆ ಪಂಚ್ ಹೊಡೆದ ಅಂಕಿಯೂ ಹೋಯಿತು. ಈಗ ಮೊದಲು ಫೋಟೋ, ಆಮೇಲೆ ತೊಳೆಯುವುದು. ಎರಕದ ಅಕ್ಷರ ಕಾಣದಿದ್ದರೆ ಸೀಮೆಸುಣ್ಣ ಉಜ್ಜಿ, ಬಟ್ಟೆಯಿಂದ ಮೇಲ್ಮೈ ಮಾತ್ರ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಎದ್ದು ಕಾಣುತ್ತದೆ. ಪೂರ್ತಿ ಸವೆದ ಪಂಚ್ ಅಂಕಿ ತೆಗೆಯುವ ಉಪಾಯ ಬೇರೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಚಾಸಿ ನಂಬರಿನ ಮೇಲೆ ಪ್ರಯೋಗ ಮಾಡುವವರು ಬಹಳ ಜನ.

ಹೆಚ್ಚು ತಲೆ ತಿಂದದ್ದು ಪಿಸ್ಟನ್‌ಗಳು. ಐದಿದ್ದವು, ಐದೂ ನೋಡಲಿಕ್ಕೆ "ಐವತ್ತು". 1980ರ ದಶಕದ, ನೂರು ಸಿಸಿಯ ನಾಲ್ಕೂ ಗಾಡಿಗಳ ಬೋರು (ಸಿಲಿಂಡರಿನ ಒಳವ್ಯಾಸ) ಅಲ್ಲೇ ಸುತ್ತುತ್ತದೆ. ಆರ್‌ಎಕ್ಸ್ 100 ಮತ್ತು ಇಂಡ್-ಸುಜುಕಿ ಎಎಕ್ಸ್ 100 ಎರಡೂ 50 ಮಿ.ಮೀ., ಹೀರೋ ಹೋಂಡಾ ಸಿಡಿ 100 ಕೂಡ 50, ಕವಾಸಾಕಿ ಬಜಾಜ್ ಕೆಬಿ 100 ಮಾತ್ರ 49.5. ಹೋಂಡಾ ಒಂದೇ ಫೋರ್-ಸ್ಟ್ರೋಕ್, ಅದರದ್ದು ಬೇರ್ಪಡಿಸುವುದು ಸುಲಭ: ರಿಂಗ್ ಕೂರುವ ತೋಡು ಮೂರು, ತಲೆಯಲ್ಲಿ ವಾಲ್ವಿನ ತಗ್ಗು, ತೋಡಿನಲ್ಲಿ ಪಿನ್ನು ಇಲ್ಲ. ಉಳಿದ ಮೂರು ಟೂ-ಸ್ಟ್ರೋಕಿನವಕ್ಕೆ ಎರಡೇ ತೋಡು, ಪ್ರತಿಯೊಂದರಲ್ಲೂ ರಿಂಗ್ ತಿರುಗದಂತೆ ತಡೆಯುವ ಚಿಕ್ಕ ಪಿನ್ನು. ಆರ್‌ಎಕ್ಸ್‌ಗೆ ರೀಡ್ ವಾಲ್ವ್ (ಪೆಟ್ರೋಲ್-ಗಾಳಿ ಒಳಬರುವ ದಾರಿಯ ತೆಳು ಎಲೆಯ ಬಾಗಿಲು) ಇರುವುದರಿಂದ ಇನ್‌ಟೇಕ್ ಕಡೆ ಸ್ಕರ್ಟಿನಲ್ಲಿ (ಪಿಸ್ಟನ್ನಿನ ಕೆಳಭಾಗದಲ್ಲಿ) ಕಿಂಡಿ ಇರುತ್ತದೆ.

ಇನ್ನು "50" ಎಂಬ ಪಂಚ್ ಅಂಕಿ. ಅದು ಬೋರು ಅಲ್ಲ, 0.50 ಓವರ್‌ಸೈಜ್, ಅಂದರೆ ಸವೆದ ಬೋರನ್ನು ಕೊರೆದು ದೊಡ್ಡದು ಮಾಡಿದಾಗ ಹಾಕುವ, ಅರ್ಧ ಮಿ.ಮೀ. ದಪ್ಪನೆಯ ಪಿಸ್ಟನ್. ನಾನು ಅದನ್ನು ಸ್ಟ್ಯಾಂಡರ್ಡ್ ಅಂತ ಓದಿ ಸ್ಟ್ಯಾಂಡರ್ಡ್ ರಿಂಗ್ ತಂದೆ, ಸುಮಾರು ಇನ್ನೂರೈವತ್ತು ರೂಪಾಯಿ. ಆ ಪಿಸ್ಟನ್ ಜೊತೆಗಿದ್ದ ಬ್ಲಾಕಿನೊಳಗೆ (ಸಿಲಿಂಡರಿನೊಳಗೆ) ರಿಂಗ್ ಇಳಿಸಿ ಬಾಯಿ, ಅಂದರೆ ರಿಂಗಿನ ಎರಡು ತುದಿಗಳ ನಡುವಿನ ಸಂದು, ಅಳೆದರೆ 1.8 ಮಿ.ಮೀ. ಹತ್ತಿರ! ಬೋರು ಅರ್ಧ ಮಿಲಿಮೀಟರ್ ದೊಡ್ಡದಾದರೆ ಸುತ್ತಳತೆ 1.57 ಹೆಚ್ಚುತ್ತದೆ, ಅದೆಲ್ಲ ಬಾಯಿಗೇ ಬರುತ್ತದೆ. ಇದರ ಉಲ್ಟಾ ಮೋಸವೂ ಇದೆ: ಕೆಬಿ 100ರ 0.50 ಓವರ್‌ಸೈಜ್ ಪಿಸ್ಟನ್ ಅಳೆದರೆ ಆರ್‌ಎಕ್ಸ್‌ನ ಸ್ಟ್ಯಾಂಡರ್ಡ್‌ಗೆ ಸಮ ಬರುತ್ತದೆ. ಹಾಗಾಗಿ ವ್ಯಾಸ ಒಂದನ್ನೇ ನಂಬಬೇಡಿ. ಗಜನ್ ಪಿನ್ನಿನ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ದಪ್ಪ ಪಿನ್ನಿನ) ತೂತು, ಆ ಪಿನ್ನಿನಿಂದ ತಲೆವರೆಗಿನ ಎತ್ತರ ಎರಡನ್ನೂ ಗೊತ್ತಿರುವ ಪಿಸ್ಟನ್‌ಗೆ ಹಚ್ಚಿ ನೋಡಿ. ವ್ಯಾಸ ಹಿಡಿಯುವುದು ಸ್ಕರ್ಟಿನ ತಳದಿಂದ ಹತ್ತು ಮಿ.ಮೀ. ಮೇಲೆ, ಪಿನ್ನಿಗೆ ಅಡ್ಡ. ತಲೆ ಹತ್ತಿರ ಹಿಡಿದರೆ ಯಾವಾಗಲೂ ಸಣ್ಣದೇ ಬರುತ್ತದೆ. ಮೈಕ್ರೋಮೀಟರ್ ಕಡ ತರುವವರಿಗೆ ಒಂದು ಮಾತು: 25-50ರದು ಸ್ಟ್ಯಾಂಡರ್ಡ್ ಪಿಸ್ಟನ್ನಿಗೆ ಸಾಕು, ಓವರ್‌ಸೈಜಿಗೆ 50-75ರದು ಬೇಕು. ಉದ್ಯಮಬಾಗಿನ ಲೇತ್ ಅಂಗಡಿಗೆ ಇದಕ್ಕೇ ಎರಡು ಸಲ ಹೋದೆ.

ಬೋಲ್ಟು, ನಟ್ಟಿಗೆ ಥ್ರೆಡ್ ಗೇಜ್ ಕೊಳ್ಳಲಿಲ್ಲ. ಆರ್‌ಎಕ್ಸ್‌ನ ಸ್ಪಾರ್ಕ್ ಪ್ಲಗ್ 14 ಮಿ.ಮೀ., ಅದರ ಪಿಚ್ (ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಅಂತರ) 1.25. ಸ್ಪ್ಲೆಂಡರ್‌ನ ಪ್ಲಗ್ 10 ಮಿ.ಮೀ., ಪಿಚ್ 1.0. ಬೋಲ್ಟಿನ ಥ್ರೆಡ್ಡನ್ನು ಪ್ಲಗ್ಗಿನ ಥ್ರೆಡ್ಡಿಗೆ ಒತ್ತಿ ಬೆಳಕಿಗೆ ಹಿಡಿದರೆ ಸಾಕು, ಕೂತರೆ ಕೂತಿತು. ಕೂರದ ಏಳೆಂಟು ಬೋಲ್ಟು ಹಳೆ ಬುಲೆಟ್‌ನವು, ಇಂಚಿನ ಥ್ರೆಡ್. ಇಲ್ಲೂ ಜಾರುವ ಜಾಗ ಇದೆ: ಇಂಚಿಗೆ 20 ಥ್ರೆಡ್ ಅಂದರೆ 1.27, 26 ಥ್ರೆಡ್ ಅಂದರೆ 0.977. ಮೂರು ಥ್ರೆಡ್ ನೋಡಿದರೆ ಕೂತ ಹಾಗೇ ಕಾಣುತ್ತದೆ, ಹತ್ತು ಥ್ರೆಡ್ ಉದ್ದಕ್ಕೆ ನೋಡಿದರೆ ಕಾಲು ಮಿ.ಮೀ. ಹತ್ತಿರ ತಪ್ಪುತ್ತದೆ. ನಾನು ಮೂರೇ ನೋಡಿ ಒಂದು ಆಕ್ಸಲ್ ನಟ್ ಕೆಡಿಸಿದೆ.

ಬೇರಿಂಗ್ ದೊಡ್ಡ ಕೆಲಸವಲ್ಲ. 6202 ಅಂದರೆ 15×35×11 (ಒಳವ್ಯಾಸ×ಹೊರವ್ಯಾಸ×ದಪ್ಪ, ಮಿ.ಮೀ.ನಲ್ಲಿ), 6203 ಅಂದರೆ 17×40×12, 6301 ಅಂದರೆ 12×37×12. ಅಂಕಿ ಸವೆದಿದ್ದರೂ ಈ ಮೂರು ಅಳತೆಯಿಂದ ನಂಬರು ಸಿಗುತ್ತದೆ, ಆದರೆ ಗಾಡಿ ಸಿಗುವುದಿಲ್ಲ. ಚೀಲದಲ್ಲಿದ್ದ ಎರಡು 6202 ಸೀಲಿಂಗ್ ಫ್ಯಾನಿನವೇ ಇರಬೇಕು ಅಂತ ನನ್ನ ಗುಮಾನಿ. ಒಂದನ್ನು ಮನೆಯ ಫ್ಯಾನಿಗೆ ಹಾಕಿಯೂ ಆಯಿತು, ಸದ್ದಿಲ್ಲದೆ ತಿರುಗುತ್ತಿದೆ.

ಹರಿದ ಪ್ಯಾಕೆಟ್‌ಗಳನ್ನು ಎಸೆಯಬೇಡಿ. ಯಮಹಾ ನಂಬರಿನ ಮೊದಲ ಮೂರು ಅಕ್ಷರ ಮಾಡೆಲ್, ನಡುವಿನ ಐದು ಅಂಕಿ ಸಾಮಾನು: 11631 ಸ್ಟ್ಯಾಂಡರ್ಡ್ ಪಿಸ್ಟನ್, 11635 ಅಂದರೆ 0.25, 11636 ಅಂದರೆ 0.50. ಹೋಂಡಾದಲ್ಲಿ ಸಾಮಾನು ಮೊದಲು, ಮಾಡೆಲ್ ನಡುವೆ: 13101 ಪಿಸ್ಟನ್, 17910 ಆಕ್ಸಿಲರೇಟರ್ ಕೇಬಲ್, 22870 ಕ್ಲಚ್ ಕೇಬಲ್. ಅರ್ಧ ನಂಬರು ಉಳಿದಿದ್ದರೂ ಸಾಮಾನಿನ ಹೆಸರಂತೂ ಸಿಗುತ್ತದೆ.

ಸ್ಪ್ರಾಕೆಟ್‌ಗೆ ಚೈನ್ ಹಾಕಿ ನೋಡುವಾಗ 420 ಮತ್ತು 428 ನಂಬರಿನ ಚೈನುಗಳ ಪಿಚ್ (ಕೊಂಡಿಯಿಂದ ಕೊಂಡಿಗೆ ಅಂತರ) ಒಂದೇ, 12.7 ಮಿ.ಮೀ., ಅಗಲ ಮಾತ್ರ 428ರದು ಹೆಚ್ಚು, ಎಂಬುದು ನೆನಪಿರಲಿ. 428 ಚೈನು 420ರ ಹಲ್ಲಿನ ಮೇಲೆ ಸಡಿಲಾಗಿ ಕೂರುತ್ತದೆ, ಸರಿಯಾಯಿತು ಅನ್ನಿಸುತ್ತದೆ. 420 ಚೈನು 428ರ ಹಲ್ಲಿಗೆ ಇಳಿಯುವುದೇ ಇಲ್ಲ. ಎರಡೂ ತುಂಡು ಚೈನು ಇಟ್ಟುಕೊಂಡರೆ ಗೊಂದಲವಿಲ್ಲ.

ನಡುವೆ ಸ್ಪ್ರಿಂಗ್‌ಗಳ ಹುಚ್ಚು ಹಿಡಿಯಿತು. ಅಡುಗೆಮನೆಯ ತೂಕದ ಯಂತ್ರದ ಮೇಲೆ ಸ್ಪ್ರಿಂಗ್ ನಿಲ್ಲಿಸಿ, ಡ್ರಿಲ್ ಸ್ಟ್ಯಾಂಡಿನಿಂದ ಐದು ಮಿ.ಮೀ. ಒತ್ತಿ ಕಿಲೋ ಬರೆದುಕೊಂಡೆ. ಹನ್ನೊಂದು ಸ್ಪ್ರಿಂಗಿನಲ್ಲಿ ನಾಲ್ಕು ಒಂದೇ ತೂಕ ತೋರಿಸಿದವು, ಅದೇ ಸೆಟ್. ಉದ್ದದಿಂದ ಜೋಡಿಸಿದ್ದರೆ ಒಂದು ತಪ್ಪು ಸೇರುತ್ತಿತ್ತು, ಏಕೆಂದರೆ ಸೋತ ಸ್ಪ್ರಿಂಗ್ ಕುಗ್ಗಿ ಬೇರೆ ಗಾಡಿಯದರ ಉದ್ದಕ್ಕೆ ಬಂದಿತ್ತು. ತೂಕದ ಯಂತ್ರ ಹತ್ತು ಕಿಲೋದ್ದು, ಹನ್ನೆರಡನೆಯ ಸ್ಪ್ರಿಂಗ್ ಒತ್ತುವಾಗ ಸತ್ತಿತು. ನಾನೂರು ಹೋಯಿತು.

ಖರ್ಚು ಒಟ್ಟು: ಡಿಜಿಟಲ್ ವರ್ನಿಯರ್ ಒಂಬೈನೂರು, ರಿಂಗು, ತೂಕದ ಯಂತ್ರ, ಹಾಳಾದ ನಟ್ಟು ಸೇರಿ ಹದಿನೇಳುನೂರರ ಸುತ್ತ. ಕೆಬಿ 100ರ ಪಿಸ್ಟನ್ ಮತ್ತು ಬುಲೆಟ್ ಬೋಲ್ಟು ಕೊಟ್ಟು ಒಳ್ಳೆಯ ಆರ್‌ಎಕ್ಸ್ ರೀಡ್ ವಾಲ್ವ್ ಪಡೆದೆ, ಉಳಿದವನ್ನು ಮಾರಿದ್ದು ನಾಲ್ಕು ಸಾವಿರದ ಮೇಲೆ. ಆ 0.50 ಪಿಸ್ಟನ್ ಮಾರಿಲ್ಲ. ನನ್ನ ಬ್ಲಾಕ್ ಇನ್ನೂ 0.25ರಲ್ಲಿದೆ, ಮುಂದಿನ ಬೋರಿಂಗಿಗೆ ಅದೇ ಬೇಕು.